ಗೇಟಿನಾಚೆಯ ಬೆಂಚು

ಜೂನ್ 18

ಅಣ್ಣಾ,

ಕ್ಷೇಮವಾಗಿ ಬಂದು ತಲುಪಿದೆ. ಹಾಸ್ಟೆಲಿನ ಕೋಣೆಯಲ್ಲಿ ಬ್ಯಾಗು ಬಿಚ್ಚಿದರೆ ಮೊದಲು ಉದುರಿದ್ದು ಮರದ ಹೊಟ್ಟು. ನಿನ್ನ ಮರಗೆಲಸದ ಶೆಡ್ಡಿನಲ್ಲಿ ಕೂತು ಓದಿದ ಪುಸ್ತಕಗಳ ಹಾಳೆ ಹಾಳೆಯಲ್ಲೂ ಅದೇ. "ಇದೇನ್ರೀ, ಮನೆಯಿಂದ ತಿಂಡಿ ತರ್ತೀರ ಅಂದ್ಕೊಂಡ್ರೆ ಹೊಟ್ಟು ತಂದಿದ್ದೀರ!" ಎಂದು ಕೋಣೆಯ ಗೆಳತಿ ನಕ್ಕಳು. ಗುಡಿಸಲು ಮನಸ್ಸಾಗಲಿಲ್ಲ. ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಈ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿ ಕಬ್ಬಿಣದ ಮಂಚದ ಮೇಲೆ ಮಲಗುವವಳಿಗೆ ಆ ವಾಸನೆಯಾದರೂ ಜೊತೆಗಿರಲಿ.

ಗುಬ್ಬಿಗೆ ಅತ್ತೆಯಿಂದ ಮುತ್ತು. ರಜೆಯಲ್ಲಿ ಆಡಿಕೊಂಡಿರಬೇಕಾದ ಮಗು ಪಾಪ, ನನ್ನ ಅಭ್ಯಾಸಕ್ಕೆಂದು ಬೆಳಿಗ್ಗೆ ಬೆಳಿಗ್ಗೆ ಮೇಜಿನ ಮುಂದೆ ಕೂತಳು. ನಮ್ಮ ಕೋರ್ಸೇ ಹೀಗೆ. ಶಾಲಾ ಮನಶ್ಶಾಸ್ತ್ರಜ್ಞೆ ಎನಿಸಿಕೊಳ್ಳುವ ಮುಂಚೆ ಗೊತ್ತಿರುವವರ ಮಕ್ಕಳನ್ನೆಲ್ಲ ಕಾಡಿ ಬೇಡಿ ಕೂರಿಸಿಕೊಂಡು ಕೈ ಪಳಗಿಸಿಕೊಳ್ಳಬೇಕು. ಬಣ್ಣದ ತುಂಡು ಜೋಡಿಸುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದು, ಪದಗಳ ಹಾಳೆ ಓದಿಸುವುದು. ಮುಂದೆ ನಿಜವಾದ ಪರೀಕ್ಷೆ ಬೇಕಾಗಬಹುದಾದ ಮಕ್ಕಳನ್ನು ಮಾತ್ರ ಮುಟ್ಟಬಾರದು ಎಂಬ ನಿಯಮವಿದೆ. ನಮ್ಮ ಗುಬ್ಬಿಗೇನು ಬಂದಿದೆ ಎಂದುಕೊಂಡೇ ಅವಳನ್ನು ಕೂರಿಸಿಕೊಂಡೆ.

ಕಷ್ಟವೆಲ್ಲ ನನ್ನ ಮುಖದ್ದು. ಮಗು ಸರಿ ಹೇಳಿದರೆ 'ಭೇಷ್' ಅನ್ನುವಂತಿಲ್ಲ, ತಪ್ಪು ಹೇಳಿದರೆ ಹುಬ್ಬು ಅಲ್ಲಾಡುವಂತಿಲ್ಲ. ಕನ್ನಡಿಯ ಹಿಂದಿನ ಕೋಣೆಯಲ್ಲಿ ಕೂತು ನಮ್ಮನ್ನು ನೋಡುವ ಮೇಡಂ ರಜೆಗೆ ಮುಂಚೆ ಒಮ್ಮೆ ಹೊರಗೆ ಬಂದು, "ಮಕ್ಕಳು ಹಾಳೆ ನೋಡ್ತಿಲ್ಲ ಕಣ್ರೀ, ನಿಮ್ಮ ಮುಖ ನೋಡ್ಕೊಂಡೇ ಪಾಸಾಗ್ತಿದ್ದಾರೆ!" ಎಂದರು. ತರಗತಿಯೆಲ್ಲ ಘೊಳ್ಳೆಂದಿತು.

ಶೆಡ್ಡಿನ ಮೂಲೆಯಲ್ಲಿ ಗುಬ್ಬಿಯ ಎದುರು ಕೂತಾಗೆಲ್ಲ ನಮ್ಮ ಐದನೇ ತರಗತಿ ನೆನಪಾಗುತ್ತಿತ್ತು. ನೀನು ನನಗಿಂತ ದೊಡ್ಡವನು, ಆದರೂ ಆ ಒಂದು ವರ್ಷ ಇಬ್ಬರೂ ಒಂದೇ ತರಗತಿ, ಒಂದೇ ಬೆಂಚು. ಕಿಟಕಿಯ ಕಡೆ ನೀನು, ನಿನ್ನ ಮೊಣಕೈಗೆ ಆತು ನಾನು. ಸಂಜೆ ಮನೆಗೆ ನಡೆಯುತ್ತಾ ನಾನು ಮರುದಿನದ ಪಾಠವನ್ನು ಜೋರಾಗಿ ಓದುವುದು, ನೀನು ಕಲ್ಲು ಒದೆಯುತ್ತಾ ಕೇಳುವುದು. ನನ್ನ ಬಾಯಿ ನಿಲ್ಲದ್ದಕ್ಕೇ ಅಲ್ಲವೇ ನೀನು ಪಿಟೀಲು ಎಂದು ಹೆಸರಿಟ್ಟದ್ದು! ನನ್ನ ಓದಿನಲ್ಲೆಲ್ಲ ಅಷ್ಟು ಸುಖದ ವರ್ಷ ಇನ್ನೊಂದು ಬರಲಿಲ್ಲ ಅಣ್ಣಾ. ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ಪಿಟೀಲು


ಜುಲೈ 2

ಪಿಟೀಲೂ,

ಕಾಗದ ಬಂತು. ನಿಮ್ಮತ್ತಿಗೆ ಓದಿ ಹೇಳಿದ್ಲು, ಆಮೇಲೆ ನಾನೂ ಒಂದ್ಸಲ ಓದ್ಕೊಂಡೆ, ನಿಧಾನಕ್ಕೆ. ಫೋನ್ ಮಾಡಕ್ಕೇನು ರೋಗ ಅಂತೀಯ. ಶೆಡ್ಡಲ್ಲಿ ಮಿಷನ್ ಸದ್ದಿಗೆ ಏನೂ ಕೇಳ್ಸಲ್ಲ, ಮನೇಲಿ ನಿಮ್ಮತ್ತಿಗೆ ಫೋನ್ ನನ್ನ ಕೈಗೆ ಕೊಡಲ್ಲ. ಕಾಗದ ಆದ್ರೆ ನನ್ನ ಪಾಡಿಗೆ ನಾನು ಬರೀಬಹುದು. ಎದುರಿಗೆ ಯಾರೂ ಕಾಯ್ತಾ ನಿಂತಿರಲ್ಲ.

ಅದೆಲ್ಲ ಇರ್ಲಿ, ಗುಬ್ಬಿಗೆ ಎಷ್ಟು ಬಂತು? ಕನ್ನಡಿ, ಹುಬ್ಬು, ಹೊಟ್ಟು ಎಲ್ಲ ಬರೆದಿದ್ದೀಯ, ಅದೊಂದನ್ನ ಬಿಟ್ಟು. ಪಾಸೋ ಫೇಲೋ ಹೇಳ್ಬಿಡು. ನನ್ನ ಮಗಳ ವಿಷಯ ನಂಗೆ ಹೇಳಕ್ಕೇನು?

ಗುಬ್ಬಿ ಶಾಲೆ ಬೆಂಚುಗಳು ಈ ವರ್ಷಾನೂ ರಿಪೇರಿಗೆ ಬಂದಿವೆ. ಜವಾನ ಗೇಟ್ ತನಕ ತಂದಿಡ್ತಾನೆ, ನಾನು ಗಾಡಿಗೆ ಹಾಕ್ಕೊಂಡು ಬರ್ತೀನಿ. "ಒಳಗೆ ಬನ್ನಿ ಯಜಮಾನ್ರೇ, ಒಂದ್ ಲೋಟ ಟೀ ಕುಡ್ಕೊಂಡು ಹೋಗಿ" ಅಂತ ಪ್ರತಿ ಸಲ ಕರೀತಾನೆ, ಒಳ್ಳೆ ಮನುಷ್ಯ. ನಂಗೆ ಪುರುಸೊತ್ತೆಲ್ಲಿ.

ಇಲ್ಲಿ ಎಲ್ಲಾ ಚೆನ್ನಾಗಿದೆ. ಗುಬ್ಬಿ ಚೆನ್ನಾಗಿ ಓದ್ಕೊತಿದ್ದಾಳೆ.

ಅಣ್ಣ


ಜುಲೈ 20

ಅಣ್ಣಾ,

ಎಷ್ಟು ಸಲ ಹೇಳಲಿ ಮಾರಾಯ, ಇದರಲ್ಲಿ ಪಾಸೂ ಇಲ್ಲ ಫೇಲೂ ಇಲ್ಲ. ಅಭ್ಯಾಸಕ್ಕೆ ಮಾಡಿದ ಪರೀಕ್ಷೆಯ ಫಲ ಯಾರಿಗೂ ಹೇಳಬಾರದು, ಹೆತ್ತವರಿಗೂ. ನನ್ನ ಕೈ ಇನ್ನೂ ಕುದುರಿಲ್ಲ. ಜಗ್ಗಿ ಹೋದ ಟೇಪಿನಲ್ಲಿ ಅಳೆದು ನೀನು ಬಾಗಿಲು ಕೊಯ್ಯುತ್ತೀಯಾ? ಹಾಗೇ ಇದು. ಅಷ್ಟಕ್ಕೂ ಈ ಮಾತೆಲ್ಲ ಬರೆದಿದ್ದ ಕಾಗದಕ್ಕೆ ನೀನೇ ಸಹಿ ಹಾಕಿದ್ದೀಯ. ಓದದೇ ಹಾಕಿದೆಯಾ, ಕಳ್ಳ!

ಈಗ ವರದಿ ಬರೆಯುವುದನ್ನು ಕಲಿಸುತ್ತಿದ್ದಾರೆ. 'ಹುಡುಗ ಸೋಮಾರಿ' ಎಂದು ಬರೆದಿದ್ದೆ. ಮೇಡಂ ಅದನ್ನು ಹೊಡೆದುಹಾಕಿ, "ಸೋಮಾರಿತನ ನಿಮ್ಮ ಕಣ್ಣಿಗೆ ಹೇಗೆ ಕಾಣ್ತು? ಯಾವ ಬಣ್ಣ ಇತ್ತು? ಕಂಡಿದ್ದನ್ನ ಬರೀರಿ" ಎಂದರು. ಕಂಡದ್ದೆಂದರೆ, ಹುಡುಗ ಪೆನ್ಸಿಲ್ ಕೆಳಗಿಟ್ಟು ಕಿಟಕಿಯ ಕಡೆ ನೋಡಿದ. ಅಷ್ಟೇ ಬರೆಯಬೇಕಂತೆ. ನಮ್ಮ ಐದನೇ ತರಗತಿಯ ಮೇಷ್ಟ್ರು ನಿನ್ನ ಕಾರ್ಡಿನ ಮೇಲೆ ಪ್ರತಿ ಸಲವೂ 'ಗಮನ ಸಾಲದು' ಎಂದು ಗೀಚುತ್ತಿದ್ದರಲ್ಲ, ಅವರನ್ನು ನಮ್ಮ ಮೇಡಂ ಕೈಗೆ ಕೊಡಬೇಕಿತ್ತು. ನೀನು ಕಿಟಕಿಯಾಚೆಯ ಮರ ನೋಡಿ, "ಇದರಲ್ಲಿ ಎರಡು ಬಾಗಿಲು, ಒಂದು ಸ್ಟೂಲು ಬರತ್ತೆ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದದ್ದು ಅವರಿಗೇನು ಗೊತ್ತು.

ಒಂದು ಮಾತು. ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ ಎಂದುಕೋ. ಸಂಜೆ ಗುಬ್ಬಿ ಓದುವಾಗ ಒಂದಿಷ್ಟು ಹೊತ್ತು ಪಕ್ಕದಲ್ಲಿ ಕೂತು ಕೇಳು. ಬಿಡುವಾದಾಗ ಅವಳ ಟೀಚರ್ ಹತ್ತಿರವೂ ಮಾತಾಡು. ಗಾಬರಿಯಾಗುವಂಥದ್ದೇನಿಲ್ಲ.

ಹಾಂ, ನನ್ನ ಪದಗಳ ಹಾಳೆಯೊಂದು ಕಾಣುತ್ತಿಲ್ಲ. ಶೆಡ್ಡಿನಲ್ಲೆಲ್ಲಾದರೂ ಬಿದ್ದಿದ್ದರೆ ಜೋಪಾನವಾಗಿ ತೆಗೆದಿಡು, ಯಾರಿಗೂ ತೋರಿಸಬೇಡ.

ನಿನ್ನ ತಲೆ ತಿನ್ನುವ ಪಿಟೀಲು


ಸೆಪ್ಟೆಂಬರ್ 29

ಪಿಟೀಲೂ,

ಇಷ್ಟು ದಿನ ಬರೀಲಿಲ್ಲ ಅಂತ ಬೈಕೋಬೇಡ. ಒಂದು ಘನಕಾರ್ಯ ಮಾಡ್ತಿದ್ದೆ. ಈಗ ಮುಗೀತು, ಹೇಳ್ತೀನಿ ಕೇಳು.

ನಿನ್ನ ಜುಲೈ ಕಾಗದ ಓದಿದ ತಕ್ಷಣ ನಂಗೆ ಎಲ್ಲಾ ಗೊತ್ತಾಯ್ತು. ಒಳ್ಳೆ ಸುದ್ದಿ ಆಗಿದ್ದಿದ್ರೆ ನಿನ್ನ ಬಾಯಲ್ಲಿ ನಿಲ್ತಿತ್ತಾ? ನಿಯಮ ಗಿಯಮ ಅಂತ ಸುತ್ತು ಬಳಸಿ ಬರೀತಿದ್ಯಾ? ಗುಬ್ಬಿ ಫೇಲು ಅಂತ ಅರ್ಥ ಮಾಡ್ಕೊಂಡೆ. ನಾನೂ ನಿನ್ನ ಹತ್ರ ಒಂದು ಮುಚ್ಚಿಟ್ಟಿದ್ದೆ. ಜೂನಲ್ಲೇ ಶಾಲೆಯಿಂದ ಚೀಟಿ ಬಂದಿತ್ತು, ಗುಬ್ಬಿ ಓದೋದ್ರಲ್ಲಿ ತುಂಬಾ ಹಿಂದೆ ಇದ್ದಾಳೆ, ಸೆಪ್ಟೆಂಬರಲ್ಲಿ ಶಾಲೆಯ ಮನಶ್ಶಾಸ್ತ್ರಜ್ಞರು ಬಂದು ನೋಡ್ತಾರೆ, ಆಮೇಲೆ ಅವಳನ್ನ ಮುಂದಿನ ವರ್ಷಾನೂ ಮೂರನೇ ಕ್ಲಾಸಲ್ಲೇ ಕೂರಿಸ್ಬೇಕಾ ಅಂತ ತೀರ್ಮಾನ ಮಾಡ್ತಾರೆ ಅಂತ. ಇನ್ನೊಂದ್ಸಲ ಅದೇ ಕ್ಲಾಸು!

ನೀನು ಕಳ್ಕೊಂಡ ಹಾಳೆ ತೋಪಡ ಹಾಕಿ ಮರ ನುಣುಪು ಮಾಡೋ ಮೇಜಿನ ಕೆಳಗೆ ಬಿದ್ದಿತ್ತು ಮಹರಾಯ್ತಿ. ನಿಮ್ಮತ್ತಿಗೆ ಒಂದೊಂದೇ ಪದ ಓದಿದ್ಲು, ನಾನು ಅದನ್ನ ಹಾಡಿನ ಥರ ಮಾಡಿ ಗುಬ್ಬಿ ಬಾಯಲ್ಲಿ ಹೇಳಿಸ್ದೆ. ದಿನಾ ಸಂಜೆ, ಶೆಡ್ಡಲ್ಲಿ, ನಾನು ಮರ ಉಜ್ತಾ ಇದ್ರೆ ಅವಳು ಹಲಗೆ ಮೇಲೆ ಕೂತು ಹೇಳೋದು. ಮೇಲಿಂದ ಕೆಳಗೆ ಗಡಗಡ ಅಂತಾಳೆ ಈಗ. ಹಾಳೆ ತಲೆಕೆಳಗೆ ಹಿಡಿದ್ರೂ ಒಂದು ಪದ ತಪ್ಪಲ್ಲ!

ಹೋದ ವಾರ ಪರೀಕ್ಷೆ ಆಯ್ತು. ಏನ್ ಅದೃಷ್ಟ ನೋಡು, ಅದೇ ಹಾಳೆ ಕೊಟ್ರಂತೆ. ಗುಬ್ಬಿ ನಿಲ್ಲಿಸದೆ ಹೇಳಿದ್ಲಂತೆ. 'ಓದುವುದರಲ್ಲಿ ತೊಂದರೆ ಕಂಡುಬಂದಿಲ್ಲ' ಅಂತ ಬರೆದು ಕೊಟ್ಟಿದ್ದಾರೆ. ನಿಮ್ಮತ್ತಿಗೆಗೆ ಖುಷಿಗೆ ಕಣ್ಣಲ್ಲಿ ನೀರು.

ಆದ್ರೆ ಇದ್ಯಾವ ನ್ಯಾಯ ಹೇಳು. ಈಗ ಕ್ಲಾಸ್ ಟೀಚರ್ ಏನಂತಾರೆ ಗೊತ್ತಾ, ಓದಕ್ಕೆ ಬರತ್ತೆ, ಬೇಕೂಂತಲೇ ಓದಲ್ಲ, ಸೋಮಾರಿ, ಇನ್ನೊಂದು ವರ್ಷ ಕೂತ್ರೆ ಬುದ್ಧಿ ಬರತ್ತೆ ಅಂತ. ಪಾಸಾದೋಳನ್ನ ಫೇಲ್ ಮಾಡೋದಾ? ನೀನು ಅಷ್ಟೆಲ್ಲಾ ಓದ್ತಿದ್ದೀಯಲ್ಲ, ಅವರಿಗೊಂದು ಕಾಗದ ಬರೆದು ಚೆನ್ನಾಗಿ ಝಾಡಿಸು.

ಅಣ್ಣ


ಅಕ್ಟೋಬರ್ 7

ಅಣ್ಣಾ,

ಏನು ಕೆಲಸ ಮಾಡಿಬಿಟ್ಟೆ!

ಆ ಹಾಳೆ ಇರುವುದು ಮಗುವಿಗೆ ಎಲ್ಲಿ ನೋವಿದೆ ಎಂದು ಹುಡುಕಲು. ನೀನು ನೋವಿರುವ ಜಾಗಕ್ಕೇ ಬಣ್ಣ ಬಳಿದು ಕಳಿಸಿದೆ. ತೊಂದರೆ ಇದೆ ಎಂದು ಕಂಡಿದ್ದರೆ ದಿನಕ್ಕೊಂದು ತಾಸು ಬೇರೆ ಟೀಚರ್ ಕೊಟ್ಟು, ಬೇರೆ ರೀತಿಯಲ್ಲಿ ಓದಿಸಿ, ಅವಳ ಗೆಳತಿಯರ ಜೊತೆಗೇ ನಾಲ್ಕನೇ ತರಗತಿಗೆ ಕಳಿಸುತ್ತಿದ್ದರು. ಈಗ ಅವಳಿಗೆ ತೊಂದರೆಯೇ ಇಲ್ಲ ಎಂದಾಯಿತು. ತೊಂದರೆ ಇಲ್ಲದವಳು ಓದದಿದ್ದರೆ ಅದಕ್ಕೆ ಸೋಮಾರಿ ಎಂಬ ಹೆಸರೇ ಗಟ್ಟಿ.

ಹಾಳೆ ಬೀಳಿಸಿಕೊಂಡು ಬಂದದ್ದು ನಾನು. ಇವತ್ತೇ ಮೇಡಂ ಮುಂದೆ ಹೋಗಿ ಹೇಳುತ್ತೇನೆ. ಕೋರ್ಸಿನಿಂದ ತೆಗೆದರೂ ತೆಗೆಯಬಹುದು. ಆದರೆ ಗುಬ್ಬಿಗೆ ಮತ್ತೆ ಪರೀಕ್ಷೆ ಮಾಡಿ ಎಂದು ಕೇಳುವ ಅಧಿಕಾರ ನನಗಿಲ್ಲ, ಹೆತ್ತವರಿಗೆ ಮಾತ್ರ. ಏನೇನು ಹೇಳಿಸಿದೆ, ಹೇಗೆ ಹೇಳಿಸಿದೆ ಎಂದು ಗೊತ್ತಿರುವವನು ನೀನು. ನೀನೇ ಶಾಲೆಗೆ ಹೋಗಬೇಕು. ಗೇಟಿನವರೆಗಲ್ಲ, ಒಳಗೆ. ಬೇಗ ಹೋಗು.

ಪಿಟೀಲು


ಅಕ್ಟೋಬರ್ 16

ಪಿಟೀಲೂ,

ಹೋಗು ಅಂತ ಒಂದು ಮಾತಲ್ಲಿ ಬರೆದುಬಿಟ್ಟೆ.

ನಿನ್ನ ಕಾಗದದಲ್ಲೆಲ್ಲಾ ಐದನೇ ಕ್ಲಾಸು, ಐದನೇ ಕ್ಲಾಸು. ಒಂದೇ ಬೆಂಚು, ಸುಖದ ವರ್ಷ. ನಿಂಗೆ ಸುಖ. ಎರಡು ಸಲ ಫೇಲಾಗಿ ತಂಗಿ ಪಕ್ಕ ಬಂದು ಕೂತೋನಿಗೆ ಹೇಗಿತ್ತು ಅಂತ ಒಂದು ದಿನಾನಾದ್ರೂ ಕೇಳಿದ್ಯಾ? ಕಿಟಕಿ ಕಡೆ ಯಾಕೆ ಕೂತಿದ್ದೆ ಗೊತ್ತಾ? ಮೇಷ್ಟ್ರು ಆ ತುದಿಯಿಂದ ಓದಿಸ್ತಾ ಬರೋವಾಗ ನನ್ನ ಸರದಿ ಕೊನೇಲಿ ಬರ್ಲಿ, ಅಷ್ಟರಲ್ಲಿ ಗಂಟೆ ಹೊಡೀಲಿ ಅಂತ. ದಾರೀಲಿ ನೀನು ಪಾಠ ಓದ್ತಿದ್ದೆ, ನಾನು ಕಲ್ಲು ಒದೀತಾ ಆಟ ಆಡ್ತಿದ್ದೆ ಅಂದ್ಕೊಂಡಿದ್ದೀಯ. ಒಂದೊಂದು ಮಾತೂ ಬಾಯಿಪಾಠ ಮಾಡ್ಕೊತಿದ್ದೆ ಕಣೇ. ಮಾರನೇ ದಿನ ಪುಸ್ತಕ ಮುಂದೆ ಹಿಡಿದು ಒಪ್ಪಿಸ್ತಿದ್ದೆ. ಇಡೀ ವರ್ಷ ನಡೀತು. ಮಾರ್ಚಲ್ಲಿ ಮೇಷ್ಟ್ರು ಬೇರೆ ಪುಟ ತೆಗೆದು ಓದು ಅಂದ್ರು. ಎಲ್ಲರ ಮುಂದೆ, ನಿನ್ನ ಮುಂದೆ. ಒಂದಕ್ಷರ ಬರ್ಲಿಲ್ಲ. "ಇಷ್ಟು ದಿನ ಯಾರ ಕಣ್ಣಿಗೆ ಮಣ್ಣೆರಚಿದ್ಯೋ?" ಅಂದ್ರು. ನೀನು ತಲೆ ತಗ್ಗಿಸಿ ಕೂತಿದ್ದೆ. ಮಾರನೇ ದಿನದಿಂದ ಅಪ್ಪನ ಜೊತೆ ಶೆಡ್ಡಿಗೆ ಹೋದೆ.

ಗುಬ್ಬಿಗೆ ಅದು ಆಗಬಾರ್ದು ಅಂತಲೇ ನಂಗೆ ಗೊತ್ತಿದ್ದ ದಾರಿ ಹೇಳಿಕೊಟ್ಟೆ. ಬೇರೆ ದಾರಿ ನಂಗ್ಯಾರು ಹೇಳಿಕೊಟ್ಟಿದ್ರು?

ಆ ಗೇಟ್ ನಾನು ದಾಟಲ್ಲ. ನಿಮ್ಮತ್ತಿಗೆ ಹೋಗ್ತೀನಿ ಅಂತಿದ್ದಾಳೆ, ಹೋಗ್ಲಿ.

ಅಣ್ಣ


ಅಕ್ಟೋಬರ್ 24

ಅಣ್ಣಾ,

ನಿನ್ನ ಕಾಗದ ಓದಿ ಅಳು ಬಂತು, ಅತ್ತೆ. ಒಂದೇ ಬೆಂಚಿನಲ್ಲಿ ಕೂತು ನನಗೇನೂ ಕಾಣಲಿಲ್ಲವಲ್ಲ ಎಂದು ಅತ್ತೆ. ಈಗ ಮಕ್ಕಳನ್ನು ಗಮನಿಸುವುದು ಹೇಗೆಂದು ದುಡ್ಡು ಕೊಟ್ಟು ಕಲಿಯುತ್ತಿದ್ದೇನೆ, ನೋಡು ಎಂಥ ತಮಾಷೆ.

ಅವತ್ತು ತಲೆ ತಗ್ಗಿಸಿದ್ದು ನಿನ್ನ ವಿಷಯಕ್ಕೆ ನಾಚಿಕೆಯಾಗಿ ಅಲ್ಲ. ನೀನು ನನ್ನ ಮುಖ ನೋಡಿದರೆ ನಾನು ಅತ್ತುಬಿಡುತ್ತೇನೆ ಎಂದು. ಇದನ್ನು ಆಗಲೇ ಹೇಳಬೇಕಿತ್ತು.

ಇನ್ನು ನಾನು ಮುಚ್ಚಿಟ್ಟದ್ದು. ನಿಯಮ ಮುರಿದೇ ಹೇಳುತ್ತೇನೆ, ಫಲವನ್ನಲ್ಲ, ಕಂಡದ್ದನ್ನು. ಮೇ ತಿಂಗಳಲ್ಲಿ ಗುಬ್ಬಿ ಹಾಳೆ ಓದುವಾಗ ಅಕ್ಷರದ ಮೇಲೆ ಬೆರಳಿಟ್ಟಳು, ಹಾಳೆ ಬಿಟ್ಟು ನನ್ನ ತುಟಿ ನೋಡಿದಳು. ನಾನು ಕಥೆ ಓದಿ ಹೇಳಿದರೆ ಒಂದು ಮಾತು ಬಿಡದೆ ತಿರುಗಿ ಹೇಳಿದಳು. ಎಲ್ಲೋ ನೋಡಿದ್ದೇನಲ್ಲ ಇದನ್ನು ಎಂದುಕೊಂಡಿದ್ದೆ. ಎಲ್ಲಿ ಎಂದು ನಿನ್ನ ಕಾಗದ ಬಂದ ಮೇಲೆ ಹೊಳೆಯಿತು. ನೀನು ದಡ್ಡನಾಗಿರಲಿಲ್ಲ ಅಣ್ಣಾ. ಒಂದು ವರ್ಷದ ಪಾಠವನ್ನೆಲ್ಲ ಕಿವಿಯಲ್ಲೇ ಹಿಡಿದಿಟ್ಟವನು ದಡ್ಡನೇ? ಅಕ್ಷರ ಹಿಡಿತಕ್ಕೆ ಬರದ ತೊಂದರೆ ಅದು. ಮನೆತನದಲ್ಲಿ ಹರಿದು ಬರುವುದೂ ಉಂಟು. ಗುಬ್ಬಿಯ ಮೂಗು ನಿನ್ನದು, ಇದೂ ನಿನ್ನದೇ.

ಮೇಡಂಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಪರೀಕ್ಷೆಯ ಹಾಳೆಗಳಿರುವ ಪೆಟ್ಟಿಗೆಯ ಕೀಲಿ ವಾಪಸ್ ತೆಗೆದುಕೊಂಡರು. ಅಭ್ಯಾಸವನ್ನೆಲ್ಲ ಮೊದಲಿನಿಂದ ಮಾಡಬೇಕಂತೆ, ಮುಂದಿನ ತಂಡದವರ ಜೊತೆ ಕೂತು. ನಿನ್ನ ತಂಗಿ ಫೇಲು. ತನಗಿಂತ ಚಿಕ್ಕವರ ಪಕ್ಕ ಕೂರುವುದು ಹೇಗಿರುತ್ತದೆಂದು ಈಗ ಸ್ವಲ್ಪ ತಿಳಿಯುತ್ತಿದೆ.

ಅತ್ತಿಗೆ ಹೋದರೆ ಹಾಳೆಯ ವಿಷಯ ಹೇಳಬಲ್ಲಳು. ನೀನು ಓದಿದ್ದು ಹೇಗೆಂದು ಅವಳು ಹೇಳಲಾರಳು. ಅಲ್ಲಿ ಅವರಿಗೆ ಬೇಕಾಗಿರುವುದು ಅದೇ. ಒತ್ತಾಯ ಮಾಡುವುದಿಲ್ಲ. ಹೋದರೆ ಕಂಡದ್ದನ್ನಷ್ಟೇ ಹೇಳು, ಸಾಕು.

ನಿನ್ನ ತಂಗಿ


ನವೆಂಬರ್ 21

ಅಣ್ಣಾ,

ಅತ್ತಿಗೆಗೆ ಫೋನ್ ಮಾಡಿದರೆ ಅಡುಗೆಯಿಂದ ಹಿಡಿದು ಪಕ್ಕದ ಮನೆಯ ಬೆಕ್ಕಿನವರೆಗೆ ಎಲ್ಲ ಹೇಳುತ್ತಾಳೆ. ನಿನ್ನ ವಿಷಯ ಕೇಳಿದರೆ ಮಾತ್ರ, "ಅವರೇ ಬರೀತಾರಂತೆ" ಎನ್ನುತ್ತಾಳೆ. ಏನೆಂದು ಅರ್ಥ ಮಾಡಿಕೊಳ್ಳಲಿ? ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟೇ ಬರೆದು ಕಳಿಸು. ಪುಸ್ತಕದಲ್ಲಿದ್ದ ಹೊಟ್ಟೂ ಖಾಲಿಯಾಗಿದೆ.

ಪಿಟೀಲು


ಡಿಸೆಂಬರ್ 12

ಫೇಲಾದೋಳೇ,

ಹೇಗಿದ್ದೀಯ? ಚಿಕ್ಕ ಹುಡುಗೀರು ಹಿಂದಿನಿಂದ ಕಿಸಕ್ ಅಂತಾರಾ? ಅಂದ್ರೆ ಅನ್ಲಿ ಬಿಡು, ನಿಧಾನಕ್ಕೆ ಅಭ್ಯಾಸ ಆಗತ್ತೆ.

ಪೂರ್ತಿ ಆದ್ಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ನಿಮ್ಮತ್ತಿಗೆ ಬಾಯಿಗೂ ಬೀಗ ಹಾಕ್ಸಿದ್ದೆ.

ನವೆಂಬರ್ ಮೊದಲಲ್ಲಿ ಬೆಂಚು ವಾಪಸ್ ಕೊಡಕ್ಕೆ ಹೋದೆ. ಗೇಟಲ್ಲಿ ಇಳಿಸ್ದೆ. ಜವಾನ ಎಂದಿನ ಥರ "ಬನ್ನಿ ಯಜಮಾನ್ರೇ" ಅಂದ. ಎಂದಿನ ಥರ ಪುರುಸೊತ್ತಿಲ್ಲ ಅನ್ನಕ್ಕೆ ಬಾಯಿ ತೆಗೆದೆ, ಒಂದು ಬೆಂಚಿನ ಈ ತುದಿ ನಾನೇ ಎತ್ತಿದ್ದೆ. ಅವನು ಆ ತುದಿ ಎತ್ತಿ ನಡೆದ. ಬೆಂಚು ಬಿಡಕ್ಕಾಗತ್ತಾ? ಹಿಂದೇನೇ ಹೋದೆ. ಒಳಗೆ ಹೋದ್ಮೇಲೇ ಗೊತ್ತಾಗಿದ್ದು ಗೇಟ್ ದಾಟಿದೀನಿ ಅಂತ. ಸೀಮೆಸುಣ್ಣದ ವಾಸನೆ ಬಂತು. ತಿರುಗಿ ಹೋಗ್ಬಿಡೋಣ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ.

ಶಾಲೆಯ ಮನಶ್ಶಾಸ್ತ್ರಜ್ಞೆ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿನಗಿಂತ ಚಿಕ್ಕವಳು. ಅವತ್ತು ಅವರು ಬರೋ ದಿನವಂತೆ. ಕೋಣೇಲಿ ಕುರ್ಚಿ ಇದ್ದಿದ್ದು ಅವರಿಗೊಂದೇ. ನಂಗೆ ಬೆಂಚು. ಗುಬ್ಬೀನೂ ಕರೆಸಿದ್ರು, ಬಂದು ಪಕ್ಕದಲ್ಲಿ ಕೂತ್ಲು. ನನ್ನ ಮಂಡಿ ಗದ್ದಕ್ಕೆ ಬಂದಿತ್ತು. ಎರಡು ವರ್ಷದ ಹಿಂದೆ ನಾನೇ ಕಾಲು ಬದಲಾಯಿಸಿದ ಬೆಂಚು ಅದು. ಒಂಚೂರೂ ಅಲ್ಲಾಡ್ಲಿಲ್ಲ. ಅದರಿಂದ ಧೈರ್ಯ ಬಂತು ಅಂತ ಕಾಣತ್ತೆ.

ಹಾಳೆ ವಿಷಯ ಎಲ್ಲಾ ಹೇಳ್ದೆ. ಬೈತಾರೆ ಅಂದ್ಕೊಂಡೆ. ಅವರು ಬರ್ಕೊತಾ ಹೋದ್ರು. ಅವರ ಮುಖದಲ್ಲೂ ಏನೂ ಕಾಣಲ್ಲ ಮಾರಾಯ್ತಿ, ನಿಮ್ಮ ಜಾತಿಯೇ ಹಾಗಾ? ಕೊನೇಗೆ, "ನೀವು ಚಿಕ್ಕೋರಿದ್ದಾಗ ಓದೋದು ಹೇಗಿತ್ತು?" ಅಂದ್ರು. ಚೆನ್ನಾಗೇ ಓದ್ತಿದ್ದೆ, ಮನೇಲಿ ಕಷ್ಟ ಇತ್ತು, ಬಿಟ್ಟೆ ಅನ್ನೋಣ ಅನ್ನಿಸ್ತು. ಗುಬ್ಬಿಗೂ ನಾನು ಇಷ್ಟು ವರ್ಷ ಹೇಳಿರೋದು ಅದೇ. ತಿರುಗಿ ನೋಡಿದ್ರೆ ಅವಳು ನನ್ನ ತುಟಿ ನೋಡ್ತಾ ಕೂತಿದ್ದಾಳೆ, ನೀನು ಬರೆದಿದ್ದೆಯಲ್ಲ, ಹಾಗೇ.

"ನಂಗೂ ಅಕ್ಷರ ಹಿಡಿತಕ್ಕೆ ಬರ್ತಿರ್ಲಿಲ್ಲ, ಮೇಡಂ. ತಂಗಿ ಓದಿದ್ದನ್ನ ಕೇಳಿ ಬಾಯಿಪಾಠ ಮಾಡ್ತಿದ್ದೆ. ಸಿಕ್ಕಿಬಿದ್ದೆ" ಅಂದೆ.

ಗುಬ್ಬಿ ನನ್ನ ತೋಳು ಹಿಡ್ಕೊಂಡು, "ಅಪ್ಪಾ, ನಿಂಗೂನಾ?" ಅಂದ್ಲು.

ಅಷ್ಟೇ ಅಂದಿದ್ದು. ಆದ್ರೆ ಅವಳ ಮುಖ ನೀನು ನೋಡ್ಬೇಕಿತ್ತು. ಇಷ್ಟು ದಿನ ಒಬ್ಬಳೇ ಹೊತ್ಕೊಂಡಿದ್ಲಲ್ಲೇ, ಪಾಪದ್ದು. ಮನೇಲೇ ಜೊತೆಗಾರ ಇದ್ದಾನೆ ಅಂತ ಗೊತ್ತೇ ಇರ್ಲಿಲ್ಲ ಅವಳಿಗೆ.

ಆಮೇಲೆ ಬೇರೆ ಹಾಳೆ ಕೊಟ್ಟು ಮತ್ತೆ ನೋಡಿದ್ರು. ತೊಂದರೆ ಇದೆ ಅಂತ ಬರೆದ್ರು. ತೊಂದರೆ ಇದೆ ಅಂದಿದ್ದಕ್ಕೆ ನಿಮ್ಮತ್ತಿಗೆ ಮತ್ತೆ ಖುಷಿಗೆ ಅತ್ಲು, ಅವಳಿಗೆ ಎರಡಕ್ಕೂ ಅಳೋದೇ. ಈಗ ದಿನಾ ಒಂದು ತಾಸು ಬೇರೆ ಟೀಚರ್ ಬಂದು ಓದಿಸ್ತಾರೆ. ಗುಬ್ಬಿ ನಾಲ್ಕನೇ ಕ್ಲಾಸಿಗೆ ಹೋಗ್ತಾಳೆ, ಅದೇ ಕ್ಲಾಸಲ್ಲಿ ಮತ್ತೆ ಕೂರಿಸಲ್ಲ. ಬರವಣಿಗೆಯಲ್ಲಿ ಕೊಟ್ಟಿದ್ದಾರೆ. ನಾನೇ ಓದಿದೆ.

ಶಾಲೆ ಬಿಡೋ ಹೊತ್ತಿಗೆ ಈಗ ನಾನೇ ಹೋಗಿ ಕರ್ಕೊಂಡು ಬರ್ತೀನಿ. ಆ ಟೀಚರ್ ಕೊಟ್ಟ ಪಾಠನ ದಾರೀಲಿ ಓದ್ಕೊಂಡು ಬರ್ತೀವಿ. ಅವಳೊಂದು ಸಾಲು, ನಾನೊಂದು ಸಾಲು. ಮನೆ ಬಂದ್ರೂ ಪಾಠ ಮುಗಿದಿರಲ್ಲ, ಅಷ್ಟು ನಿಧಾನ. ಕೆಲವು ಸಲ ಅಂಗಳದಲ್ಲಿ ನಿಂತು ಮುಗಿಸ್ತೀವಿ.

ಐದನೇ ಕ್ಲಾಸಿನ ಬಗ್ಗೆ ಅವತ್ತು ಒರಟಾಗಿ ಬರೆದೆ. ಕ್ಲಾಸು ಬೇಡವೇ ಬೇಡ. ಆದ್ರೆ ಸಂಜೆ ದಾರಿ ಇತ್ತಲ್ಲ, ನಿನ್ನ ದನಿ, ಆ ಕಲ್ಲು, ಅದು ನಂಗೂ ಇಷ್ಟಾನೇ ಆಗಿತ್ತು.

ರಜೆಗೆ ಬೇಗ ಬಾ. ಬಂದಾಗ ಪಾಠ ಓದಿ ಹೇಳಕ್ಕೆ ಹೋಗ್ಬೇಡ. ನಾವಿಬ್ರೂ ಓದ್ತೀವಿ. ನೀನು ಕಲ್ಲು ಒದ್ಕೊಂಡು ಪಕ್ಕದಲ್ಲಿ ನಡ್ಕೊಂಡು ಬಾ.

ಅಣ್ಣ